ಕತ್ತರಿಸಿದ ನಾಲ್ಕು ನಿಮಿಷ

"ಇನ್ನೊಮ್ಮೆ ಹಚ್ರಿ ಅಮೀರಣ್ಣ," ಎಂದೆ.

ಅಮೀರ ಮೌಸನ್ನು ಎಳೆದು ಮೂವತ್ತೊಂದನೆಯ ನಿಮಿಷಕ್ಕೆ ತಂದು ಬಿಟ್ಟ. ಇದು ಆರನೆಯ ಸಲ. ಇಂಡಿ ಬಸ್ ನಿಲ್ದಾಣದ ಎದುರಿನ ಅವನ ಮೊಬೈಲ್ ಅಂಗಡಿಯಲ್ಲಿ ಬೆಳಿಗ್ಗೆ ಹತ್ತಕ್ಕೇ ತಗಡು ಕಾದು ನೆತ್ತಿ ಸುಡುತ್ತಿತ್ತು. ನಾನು ಹೆಡ್‌ಫೋನನ್ನು ಎರಡೂ ಕೈಯಿಂದ ಕಿವಿಗೆ ಒತ್ತಿ ಹಿಡಿದೆ.

ಒಬ್ಬ ಗಂಡಸು ಅಳುತ್ತಿದ್ದಾನೆ. ಹಿಂದೆ ಚಂದ್ರಲೋಕದ ಗಾಳಿ ಬೀಸುತ್ತಿದೆ, ಅಂದರೆ ಯಾರೋ ಕೊಡದ ಬಾಯಿಗೆ ಊದಿ ತಯಾರಿಸಿದ ಗಾಳಿ. ಆ ಗಾಳಿಯ ಕೆಳಗೆ, ಬಹಳ ದೂರದಲ್ಲಿ, ಒಂದು ಕೂಗು ಎದ್ದು ಇಳಿಯಿತು. ಸ್ವಲ್ಪ ಹೊತ್ತಿಗೆ ಬೇರೆ ದಿಕ್ಕಿನಿಂದ ಅಂಥದೇ ಮತ್ತೊಂದು.

ಅಂಗಡಿಯ ಹೊರಗೆ ಸ್ಟೂಲಿನ ಮೇಲೆ ಸಾತವ್ವ ಕೂತಿದ್ದಳು. ತಾಂಬಾದ ಈ ಹೆಂಗಸು ಮೂರು ವಾರದ ಹಿಂದೆ ಸಿಂದಗಿಯ ನನ್ನ ಮನೆಗೆ ಬಂದು, 'ಕೆಂಪು ಚಂದ್ರನ ಕಾವಲುಗಾರ' ಎಂಬ ಧ್ವನಿನಾಟಕದಲ್ಲಿ ಮಾತಾಡುವವನು ಭೀಮೆಯಲ್ಲಿ ಮುಳುಗಿ ಸತ್ತನೆಂದು ಎಲ್ಲರೂ ಹೇಳುವ ತನ್ನ ಮಗ ಸೋಮನಿಂಗ ಎಂದು ಹೇಳಿದಂದಿನಿಂದ ನನಗೆ ನಿದ್ದೆಯಿಲ್ಲ.

ಪತ್ತೇದಾರಿಕೆ ನನ್ನ ಕಸುಬಲ್ಲ. ನಾನು ಪ್ರಜ್ಞಾ, ಸಿಂದಗಿಯಲ್ಲಿ ಕಾಲೇಜು ಹುಡುಗರಿಗೆ ಕನ್ನಡ ಕಲಿಸುವವಳು. ವಾರಪತ್ರಿಕೆಯೊಂದಕ್ಕೆ ನಾಟಕ, ಸಿನಿಮಾ ಅಂತ ವಿಮರ್ಶೆ ಬರೆಯುವ ಚಟ ಬೇರೆ. ಬೇರೆಯವರು ಬೆವರು ಸುರಿಸಿ ಮಾಡಿದ್ದನ್ನು ಕುರ್ಚಿಯಲ್ಲಿ ಕೂತು ತೂಗುವ ಕೆಲಸ ಅದು. ತಕ್ಕಡಿ ಕೈಯಲ್ಲಿದ್ದವರಿಗೆ ತಾವೇ ಸಾಹುಕಾರರು ಅನ್ನಿಸುವುದುಂಟು, ನನಗೂ ಅನ್ನಿಸಿತ್ತು.

ಈ ಎಂಟನೆಯ ಕಂತಿನ ಬಗ್ಗೆ ನಾನು ಬರೆದದ್ದು ನನಗೆ ಬಾಯಿಪಾಠ ಬರುತ್ತದೆ. "ಧ್ವನಿ ಕೊಟ್ಟ ಅನಾಮಿಕ ನಟನಿಗೆ ಮೌನ ಒಲಿದಿದೆ, ಅಳು ಒಲಿದಿಲ್ಲ. ನಾಲ್ಕು ನಿಮಿಷ ಯಾವ ಮನುಷ್ಯನೂ ಹೀಗೆ ಅಳುವುದಿಲ್ಲ. ನಿರ್ದೇಶಕರು ಇಲ್ಲಿ ಕತ್ತರಿ ಆಡಿಸಬೇಕಿತ್ತು."

ನಿರ್ದೇಶಕ ಯುವರಾಜ ವಾರದೊಳಗೆ ಕತ್ತರಿ ಆಡಿಸಿದ. ಹಳೆಯ ಕಂತನ್ನು ತೆಗೆದುಹಾಕಿ, ಅಳು ಇಲ್ಲದ ಹೊಸ ಕಂತನ್ನು ಏರಿಸಿದ. ಸಾತವ್ವ ಬಂದ ಮೇಲೆ ಆ ಹಳೆಯ ಕಂತಿಗಾಗಿ ನಾನು ಹುಡುಕದ ಜಾಗವಿಲ್ಲ. ಬೇಡಿದರೆ ಅಳಿಸಿಬಿಟ್ಟೆ ಎಂದು ಯುವರಾಜ ಫೋನಿನಲ್ಲಿ ನಯವಾಗಿ ಹೇಳಿದ್ದ.

ಆದರೆ ನಮ್ಮ ಕಡೆಯ ರೀತಿಯೇ ಬೇರೆ. ಲಾರಿಯವರು, ಟ್ರ್ಯಾಕ್ಟರಿನವರು, ಕಬ್ಬು ಕಡಿಯುವವರು ನೆಟ್ಟಿನಲ್ಲಿ ನಾಟಕ ಹುಡುಕಿಕೊಂಡು ಕೂಡುವುದಿಲ್ಲ. ಅಮೀರನಂಥವರ ಅಂಗಡಿಗೆ ಬಂದು ಮೆಮರಿ ಕಾರ್ಡು ಕೊಟ್ಟು, ಏನಾದರೂ ಛಲೋದು ತುಂಬು ಎಂದು ಹೇಳಿ ಚಹಾ ಕುಡಿಯಲು ಹೋಗುತ್ತಾರೆ. ಹೊಸ ಕಂತು ಬಂದ ದಿನವೇ ಅಮೀರ ಅದನ್ನು ಇಳಿಸಿ ಕಂಪ್ಯೂಟರಿನಲ್ಲಿ ಇಟ್ಟಿದ್ದ. ಮುಂದೆ ಅದಕ್ಕೆ ಕತ್ತರಿ ಬಿದ್ದದ್ದು ಅವನಿಗೆ ಗೊತ್ತೂ ಇಲ್ಲ. ಗಡ್ಡಕ್ಕೆ ಬಿಳಿ ಬಂದ ಈ ಅಮೀರನೂ ತಾಂಬಾದವನೇ. ನಿನ್ನೆ ಸಾತವ್ವನೇ ಇವನ ಹೆಸರು ಹೇಳಿದ್ದಳು.

"ಸಾತವ್ವನ್ನ ಒಳಗ ಕರೀರಿ," ಎಂದೆ.

ಹೆಡ್‌ಫೋನನ್ನು ಅವಳ ತಲೆಯ ಸೆರಗಿನ ಮೇಲೆಯೇ ಇಟ್ಟೆವು. ಮಗನ ಅಳು ಶುರುವಾದಾಗ ಅವಳ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಆಮೇಲೆ ಆ ಕೂಗು ಬಂದಿರಬೇಕು. ಅವಳ ಬಲಗೈ ತಾನಾಗಿ ಮೇಲೆದ್ದು, ಮಡಿಲಿನಿಂದ ಏನೋ ತೆಗೆದು ಎಸೆಯುವಂತೆ ಮಾಡಿತು.

"ಹುಲ್ಲುಲ್ಲಿಗ್ಯೋ ಅನ್ನಾಕತ್ತಾರ್ರಿ," ಎಂದಳು. "ಚರಗ ಚೆಲ್ಲೂದು."

ನನಗೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸಿತು. ಹುಟ್ಟಿದಾಗಿನಿಂದ ವರ್ಷಕ್ಕೊಮ್ಮೆ ಕೇಳಿದ ಕೂಗು ಅದು. ಎಳ್ಳಮಾಸಿ, ಅಂದರೆ ಚಳಿಗಾಲದ ಎಳ್ಳು ಅಮಾವಾಸ್ಯೆಯ ದಿನ, ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತೇವೆ. ಊಟಕ್ಕೆ ಮುಂಚೆ ಒಬ್ಬರು ಮುಂದೆ ಮುಂದೆ ಭೂತಾಯಿಗೆ ಅನ್ನ ರೊಟ್ಟಿಯ ಚರಗ ಚೆಲ್ಲುತ್ತ, ಹಾಗೆ ಕೂಗುತ್ತ ಹೊಲ ಸುತ್ತುತ್ತಾರೆ. ಮತ್ತೊಬ್ಬರು ಹಿಂದೆ ಹಿಂದೆ ತಂಬಿಗೆಯಿಂದ ನೀರು ಚಿಮುಕಿಸುತ್ತ ಬರುತ್ತಾರೆ. ಆ ಹೊತ್ತಿಗೆ ಸುತ್ತಲಿನ ಹೊಲಗಳಲ್ಲೆಲ್ಲ ಅದೇ ಕೂಗು. ಎಷ್ಟು ರೂಢಿಯೆಂದರೆ ಅದು ಕಿವಿಗೆ ಬೀಳುವುದೇ ಇಲ್ಲ. ವಿಮರ್ಶೆಗೆಂದು ಎರಡು ಸಲ ಕೇಳಿದ ನನಗೂ ಬಿದ್ದಿರಲಿಲ್ಲ, ಸಂಕಲನ ಮಾಡಿದ ಯುವರಾಜನಿಗೂ ಬಿದ್ದಿರಲಿಕ್ಕಿಲ್ಲ.

ಸಾತವ್ವ ಹೆಡ್‌ಫೋನು ತೆಗೆಯದೆ ಕೈಯಿಂದಲೇ ನಮ್ಮನ್ನು ಸುಮ್ಮನಿರಿಸಿದಳು. "ಈಗ ಮಾತಾಡ್ಯಾನ," ಎಂದಳು. "ನನ್ನ ಕೂಡ ಮಾತಾಡ್ಯಾನ."

ಅಮೀರ ಗಾಳಿಯ ಸದ್ದು ತಗ್ಗಿಸಿ ಅಷ್ಟೇ ತುಣುಕನ್ನು ಎತ್ತರಿಸಿ ಹಾಕಿದ. ಅಳುವಿನ ನಡುವೆ, ಬಿಕ್ಕುವ ಉಸಿರಿನಲ್ಲಿಯೇ, ಆ ಗಂಡಸು ಗೊಣಗಿದ್ದ. "ಅವ್ವಾ, ನಿನ್ನ ಹಿಂದ ನೀರ ಯಾರ ಹೊಡೀತಾರಬೇ?"

ಸಾತವ್ವನೇ ನಿಧಾನಕ್ಕೆ ವಿವರಿಸಿದಳು. ಗಂಡ ಸತ್ತ ಮೇಲೆ ಅವಳು ಚರಗ ಚೆಲ್ಲುತ್ತಿದ್ದಳು, ಮಗ ಹಿಂದೆ ತಂಬಿಗೆ ಹಿಡಿದು ಬರುತ್ತಿದ್ದ. ಅವನು ಮಿಲ್ಟ್ರಿ ಸೇರಿದ ಮೇಲೆ ಹದಿನೇಳು ವರ್ಷ ಎಳ್ಳಮಾಸಿಗೆ ಒಮ್ಮೆಯೂ ರಜೆ ಸಿಗಲಿಲ್ಲ. ಬೇರೆಯವರನ್ನು ಕರೆಯಲು ಅವಳಿಗೆ ಮನಸ್ಸಾಗಲಿಲ್ಲ. ಒಬ್ಬಳೇ ಒಂದು ಸುತ್ತು ಚರಗ ಚೆಲ್ಲಿ, ತಿರುಗಿ ಬಂದು ತಂಬಿಗೆ ತುಂಬಿಕೊಂಡು, ಇನ್ನೊಂದು ಸುತ್ತು ನೀರು ಹೊಡೆಯುತ್ತಿದ್ದಳು. ಹೋದ ವರ್ಷ ಜೂನಿನಲ್ಲಿ ಮಗ ನಿವೃತ್ತನಾಗಿ ಬಂದಾಗ, ಈ ಸಲ ನನ್ನ ಮೊಣಕಾಲಿಗೆ ಒಂದು ಸುತ್ತು ಉಳಿಯಿತು ಎಂದು ನಕ್ಕಿದ್ದಳಂತೆ. ಭಾದ್ರಪದದಲ್ಲಿ ಭೀಮೆ ತುಂಬಿ ಹರಿಯುವಾಗ, ಆಲಮೇಲದ ಕಡೆ ನದಿಯ ದಂಡೆಯಲ್ಲಿ ಅವನ ಬಟ್ಟೆ, ಚಪ್ಪಲಿ, ಗುರುತಿನ ಚೀಟಿ ಸಿಕ್ಕವು. ಹೆಣ ಸಿಗಲಿಲ್ಲ.

ಧ್ವನಿ ಸೋಮನಿಂಗನದೇ ಎಂದು ಯುವರಾಜ ಹೋದ ವಾರ ಒಪ್ಪಿಕೊಂಡಿದ್ದ. ಆದರೆ ಎಲ್ಲವನ್ನೂ ಶ್ರಾವಣದಲ್ಲಿಯೇ, ಅವನು ಸಾಯುವ ಮೊದಲೇ, ರೆಕಾರ್ಡು ಮಾಡಿಕೊಂಡಿದ್ದೆ ಎಂದಿದ್ದ. ಆ ಮಾತಿಗೆ ಎದುರು ಹೇಳಲು ನಮ್ಮ ಹತ್ತಿರ ಏನೂ ಇರಲಿಲ್ಲ. ಸಾತವ್ವನ ಮೈದುನ ಗುರಪ್ಪ ಬರುವ ಸೋಮವಾರ ಸೋಮನಿಂಗನ ದಿವಸ, ಅಂದರೆ ತಿಥಿ, ಮಾಡಿ ಮುಗಿಸೋಣ ಎಂದು ಬೀಗರಿಗೆಲ್ಲ ಹೇಳಿಕಳಿಸಿದ್ದಾನೆ. ಹೆಣವಿಲ್ಲದಿದ್ದರೂ ದಿವಸ ಆಯಿತೆಂದರೆ ಮಗ ಸತ್ತಂತೆ. ಆಮೇಲೆ ಅವನಿದ್ದಾನೆ ಎಂದವಳನ್ನು ಊರು ಹುಚ್ಚಿ ಅನ್ನುತ್ತದೆ.

ಈಗ ನಮ್ಮ ಹತ್ತಿರ ಒಂದು ಕೂಗು ಇತ್ತು. ವರ್ಷದಲ್ಲಿ ಒಂದೇ ಒಂದು ದಿನ ಏಳುವ ಕೂಗು. ಶ್ರಾವಣದಲ್ಲಿ ಅದು ಎಲ್ಲಿಂದ ಬರಬೇಕು?

ಆ ಹೊತ್ತಿನಲ್ಲಿ ನಾನು ಬಾಯಿ ಮುಚ್ಚಿಕೊಂಡು ಇರಬೇಕಿತ್ತು. ಇರಲಿಲ್ಲ. ಗೆದ್ದವಳ ಹಾಗೆ ಅವಳ ಕೈ ಹಿಡಿದು ಹೇಳಿಯೇಬಿಟ್ಟೆ. "ಸಾತವ್ವ, ಎಳ್ಳಮಾಸಿ ದಿನ ನಿಮ್ಮ ಮಗ ಜೀವಂತ ಇದ್ದ."

ಅವಳು ಅಮೀರನ ಕಡೆ ತಿರುಗಿ ನೀರು ಕೇಳಿದಳು. ಪೂರ್ತಿ ಒಂದು ಲೋಟ ಕುಡಿದು ಬಾಯಿ ಒರೆಸಿಕೊಂಡಳು.

"ಮತ್ತ ನನ್ನ ಕಡಿ ಯಾಕ ಬರಲಿಲ್ರಿ ಅಕ್ಕಾರ?" ಎಂದಳು.

ಸಂಜೆಯೊಳಗೆ ಅದಕ್ಕೆ ಉತ್ತರ ತರುತ್ತೇನೆ ಎಂದು ಹೇಳಿ, ಆ ತುಣುಕನ್ನು ನನ್ನ ಫೋನಿಗೆ ಹಾಕಿಸಿಕೊಂಡು ಬಸ್ಸು ಹತ್ತಿದೆ.

ಬಸವನ ಬಾಗೇವಾಡಿಗೆ ವಿಜಯಪುರದಲ್ಲಿ ಬಸ್ಸು ಬದಲಿಸಬೇಕು. ದಾರಿಯುದ್ದಕ್ಕೂ ನಾಟಕವನ್ನು ಮೊದಲಿನಿಂದ ಹಾಕಿಕೊಂಡು ಕೇಳಿದೆ. ಕಥೆ ಹೀಗಿದೆ. ದೂರದ ಯಾವುದೋ ಕೆಂಪು ಚಂದ್ರನ ಮೇಲೆ ನೀರಿಗಾಗಿ ನಲವತ್ತು ವರ್ಷ ಯುದ್ಧ ನಡೆದಿದೆ. ನಭ ಎಂಬ ಸೈನಿಕ ಗೆದ್ದು ಮರಳುತ್ತಾನೆ. ಹೋದ ಹೋದ ವಸಾಹತಿನಲ್ಲೆಲ್ಲ ಅವನನ್ನು ರಥದಂಥ ಗಾಡಿಯಲ್ಲಿ ಕೂಡಿಸಿ ಮೆರೆಸುತ್ತಾರೆ. ಎಷ್ಟು ಜನರನ್ನು ಹೊಡೆದೆ ಎಂದು ಮಕ್ಕಳು ಕೇಳುತ್ತಾರೆ. ಅವನು ಒಂದೇ ಉತ್ತರ ಕೊಡುತ್ತಾನೆ, "ನನಗ ನಿದ್ದಿ ಬರತೈತಿ."

ಇದನ್ನು ನಾನು ಬಾಯಿತುಂಬ ಹೊಗಳಿದ್ದೆ. ದಣಿದ ವೀರನ ಪಾತ್ರ ಕನ್ನಡದ ವಿಜ್ಞಾನ ನಾಟಕದಲ್ಲಿ ಇಷ್ಟು ನಿಜವಾಗಿ ಬಂದದ್ದು ಇದೇ ಮೊದಲು ಎಂದು ಬರೆದಿದ್ದೆ. ಬಾಹ್ಯಾಕಾಶದ ನೌಕೆಯ ಸದ್ದು ಹಿಟ್ಟಿನ ಗಿರಣಿಯದು ಎಂದು ಕಂಡುಹಿಡಿದು ಜಾಣತನ ಮೆರೆದಿದ್ದೆ. ಮೂರನೆಯ ಕಂತಿನಲ್ಲಿ ನಭ ಸನ್ಮಾನದ ಶಾಲನ್ನು ಮಡಚಿ ಮಡಚಿ ಅಂಗೈಯಷ್ಟು ಮಾಡುವ ಸದ್ದಿದೆ. ಎರಡು ನಿಮಿಷ ಬರೀ ಬಟ್ಟೆಯ ಸದ್ದು. ಅದನ್ನು 'ಧ್ವನಿವಿನ್ಯಾಸದ ಪರಾಕಾಷ್ಠೆ' ಎಂದಿದ್ದೆ. ಅದು ಯಾವ ವಿನ್ಯಾಸವೂ ಅಲ್ಲ, ಒಬ್ಬ ಮನುಷ್ಯ ತನ್ನ ಶಾಲನ್ನು ಮಡಚುತ್ತಿದ್ದ ಅಷ್ಟೇ.

ನಿಜವಾದ ಅಳು ಬಂದಾಗ ಮಾತ್ರ ಅದು ನನಗೆ ಸುಳ್ಳು ಅನ್ನಿಸಿತು. ಇಂಥ ಕಿವಿಗೆ ವಿಮರ್ಶಕಿ ಎಂದು ಹೆಸರು. ಬಸ್ಸಿನ ಕಿಟಕಿಯ ಬಿಸಿಗಾಳಿಗೆ ಮುಖ ಒಡ್ಡಿ ನನಗೆ ನಾನೇ ಛೀಮಾರಿ ಹಾಕಿಕೊಂಡೆ.

ಯುವರಾಜನ ಸ್ಟುಡಿಯೋ ಬಾಗೇವಾಡಿಯಲ್ಲಿ ಒಂದು ಸ್ಟೇಶನರಿ ಅಂಗಡಿಯ ಮೇಲಿತ್ತು. ಮದುವೆ, ಸೀಮಂತ, ಸನ್ಮಾನದ ಶೂಟಿಂಗ್ ಎಂಬ ಫಲಕ. ಒಳಗಿನ ಕೋಣೆಯ ಗೋಡೆಗೆ ಹಳೆಯ ಕೌದಿಗಳನ್ನು ಮೊಳೆ ಹೊಡೆದಿದ್ದ. ಬಾಗಿಲು ಹಾಕಿದರೆ ಕೆಳಗಿನ ಬೀದಿ ಇದೆಯೆಂದೇ ಗೊತ್ತಾಗುವುದಿಲ್ಲ. ಮೂವತ್ತೈದರ ಸುಮಾರಿನ ಗಂಡಸು, ಕಣ್ಣ ಕೆಳಗೆ ಕಪ್ಪು. ನನ್ನನ್ನು ಕಂಡವನೇ ಕುರ್ಚಿ ಒರೆಸಿ ಕೊಟ್ಟು, ಚಹಾ ತರಿಸುತ್ತೇನೆ ಎಂದು ಎದ್ದ. ನಾನು ಬೇಡ ಎಂದು ತುಣುಕನ್ನು ಹಾಕಿದೆ.

ಕೂಗು ಕೇಳಿದ ಕೂಡಲೇ ಅವನು ಅರ್ಧಕ್ಕೆ ಎದ್ದವನು ಹಾಗೆಯೇ ಕೂತ.

"ಅದು ನಾವು ಆಮ್ಯಾಲೆ ಕೂಡಿಸಿದ್ದು ಮೇಡಂ," ಎಂದ. "ಹಳ್ಳಿ ವಾತಾವರಣ ಬರ್ಲಿ ಅಂತ."

"ಚಂದ್ರನ ಮ್ಯಾಲ?"

ನಾನು ಮುಂದಿನದನ್ನು ಕೇಳಿಸಿದೆ. ಹಿಂದ ನೀರ ಯಾರ ಹೊಡೀತಾರಬೇ ಎನ್ನುವ ಮಾತು ಕೌದಿಗಳ ನಡುವೆ ಬಿದ್ದು ಅಲ್ಲಿಯೇ ಉಳಿಯಿತು. ಕೂಗನ್ನು ಆಮೇಲೆ ಕೂಡಿಸಿದ್ದರೆ ಅಳುವವನು ಅದಕ್ಕೆ ಉತ್ತರ ಕೊಟ್ಟದ್ದು ಹೇಗೆ ಎಂದು ಕೇಳಿದೆ. ಹಿಂದಿನ ವರ್ಷದ ರೆಕಾರ್ಡು ಇರಬಹುದು ಎಂದ. ಹಿಂದಿನ ವರ್ಷದ ಎಳ್ಳಮಾಸಿಗೆ ಅವನು ಗಡಿಯಲ್ಲಿದ್ದ, ಅದರ ಹಿಂದಿನ ಹದಿನಾರು ವರ್ಷವೂ ಅಲ್ಲಿಯೇ ಇದ್ದ, ನಿವೃತ್ತನಾದ ಮೇಲೆ ಬಂದದ್ದು ಒಂದೇ ಎಳ್ಳಮಾಸಿ ಎಂದೆ. ಆ ಅಮಾವಾಸ್ಯೆಗೆ ಅವನು ಸತ್ತು ಮೂರು ತಿಂಗಳಾಗಿತ್ತಲ್ಲ, ಹೆಣ ಅಳುತ್ತದೆಯೇ ಎಂದು ಕೇಳಿದೆ.

ಯುವರಾಜ ಎದ್ದು ಹೋಗಿ ಬಾಗಿಲಿಗೆ ಚಿಲಕ ಹಾಕಿ ಬಂದ. ನನಗೆ ಒಂದು ಗಳಿಗೆ ಹೆದರಿಕೆಯಾಯಿತು. ಆದರೆ ಅವನು ನನ್ನ ಎದುರು ಕುರ್ಚಿಯಲ್ಲಿ ಕೂರಲಿಲ್ಲ, ನೆಲದ ಮೇಲೆ ಗೋಡೆಗೆ ಆತು ಕೂತುಕೊಂಡ.

"ಅವತ್ತ ನಾ ಅಲ್ಲಿ ಇರಲಿಲ್ರಿ," ಎಂದ. "ರೆಕಾರ್ಡರ್ ಹಚ್ಚಿ ಇಟ್ಟು ಹಬ್ಬದ ಊಟಕ್ಕ ಮನಿಗೆ ಹೋಗಿದ್ದೆ."

ಎಲ್ಲಿ ಎಂದು ಕೇಳಿದೆ. ಮುದ್ದೇಬಿಹಾಳ ತಾಲೂಕು, ನಾಲತವಾಡದಾಚೆ ಅವನದೊಂದು ಹೊಲದ ಮನೆ ಇದೆಯಂತೆ. ಐದು ತಿಂಗಳಿಗಿಂತ ಹೆಚ್ಚು ಕಾಲ ಸೋಮನಿಂಗ ಅಲ್ಲಿಯೇ ಇದ್ದ. ಕೂಡಿಹಾಕಿದ್ದೆಯಾ ಎಂದು ಕೇಳಿದ್ದಕ್ಕೆ, ಕೀಲಿ ಯಾವತ್ತೂ ಒಳಗಡೆಯೇ ಇತ್ತು, ಹಾಕಿಕೊಳ್ಳುತ್ತಿದ್ದವನು ಅವನೇ ಎಂದ.

ಆಮೇಲೆ ಅವನು ಹೇಳಿದ್ದನ್ನು ನಂಬಬೇಕೋ ಬೇಡವೋ ನನಗೆ ಈಗಲೂ ಗೊತ್ತಿಲ್ಲ, ಆದರೆ ಅದರಲ್ಲಿ ಅವನಿಗೆ ಮರ್ಯಾದೆ ತರುವ ಒಂದು ಮಾತೂ ಇರಲಿಲ್ಲ. ಸೋಮನಿಂಗ ಊರಿಗೆ ಬಂದಾಗ ಟ್ರ್ಯಾಕ್ಟರಿನ ಮೇಲೆ ನಿಲ್ಲಿಸಿ ಮೆರವಣಿಗೆ ಮಾಡಿದರು. ಶೂಟಿಂಗಿಗೆ ಹೋದವನು ಯುವರಾಜ. ಆಮೇಲೆ ಶಾಲೆಗಳು, ಸಂಘಗಳು, ಬೇರೆ ಊರುಗಳು. ಮೂರು ತಿಂಗಳಲ್ಲಿ ಹನ್ನೊಂದು ಸನ್ಮಾನ. ಎಲ್ಲೆಡೆ ಮೈಕು ಕೊಟ್ಟು, ನಾಲ್ಕು ವೀರದ ಮಾತಾಡು ಎನ್ನುವುದು. ಹನ್ನೆರಡನೆಯದಕ್ಕೆ ಯುವರಾಜನ ಕಾರಿನಲ್ಲಿಯೇ ಹೊರಟವನು ಆಲಮೇಲದ ಹತ್ತಿರ ಗಾಡಿ ನಿಲ್ಲಿಸಲು ಹೇಳಿ, ರಸ್ತೆ ಬದಿಗೆ ಕೂತು ವಾಂತಿ ಮಾಡಿಕೊಂಡ.

"ಅಲ್ಲೇ ಕುಂತು ಹೇಳಿದ್ರಿ ಅಂವಾ. ನನ್ನ ಜೋಡಿ ಇದ್ದಾಂವ ಹಿಮದಾಗ ಹುಗದು ಹೋದಾಗ ನಾ ಅಗೀಲಿಲ್ಲ, ಓಡಿದೆ, ಅದಕ್ಕ ಉಳದೇನಿ ಅಂದ. ಓಡಿದಾಂವಗ ಹನ್ನೊಂದ ಶಾಲು ಹಾಕ್ಯಾರಲೇ ಅಂದ."

ಸತ್ತನೆಂದರೆ ಸನ್ಮಾನ ನಿಲ್ಲುತ್ತವೆ ಎಂದವನು ಸೋಮನಿಂಗ. ನದಿಯ ದಂಡೆಗೆ ಬಟ್ಟೆ ಇಟ್ಟವನು ಯುವರಾಜ. ಅದಕ್ಕೆ ಪ್ರತಿಯಾಗಿ ಏನೂ ಕೇಳಲಿಲ್ಲವೇ ಎಂದೆ. ಕೇಳಿದ್ದ. ಹತ್ತು ವರ್ಷದಿಂದ ತಲೆಯಲ್ಲಿದ್ದ ನಾಟಕಕ್ಕೆ ಧ್ವನಿ ಕೇಳಿದ್ದ. ಕೆಂಪು ಚಂದ್ರ, ನೌಕೆ, ವಸಾಹತು ಅವನವು. ಉಳಿದ ಮಾತೆಲ್ಲ ಸೋಮನಿಂಗನವು. ಅವನಿಗೆ ತಿಳಿಯದಂತೆ ಹಗಲೆಲ್ಲ ರೆಕಾರ್ಡರ್ ಹಚ್ಚಿಟ್ಟು ಬರುತ್ತಿದ್ದ, ಅಳುವನ್ನೂ ಹಾಗೆಯೇ ಕದ್ದಿದ್ದ.

"ಅವರವ್ವ ದಿನಾ ನದೀ ದಂಡಿಗೆ ಹೋಗಿ ಕುಂಡರ್ತಿದ್ಲು," ಎಂದೆ. "ಗೊತ್ತಿತ್ತೇನು ನಿಮಗ?"

"ಗೊತ್ತಿತ್ರಿ."

"ಅಂವಗ?"

"ಅಂವಗೂ ಗೊತ್ತಿತ್ತು. ಹೇಳೇನಿ. ಹೇಳಿದ ದಿನ ಉಣ್ಣಲಿಲ್ಲ."

ಅವನನ್ನು ಬಯ್ಯಬೇಕೆಂದು ಬಾಯಿತನಕ ಬಂತು. ಆದರೆ ಅದಕ್ಕಿಂತ ಮೊದಲು ಕೇಳಬೇಕಾದ್ದು ಇತ್ತು. ನಡಿ, ಈಗಲೇ ನಾಲತವಾಡಕ್ಕೆ ಹೋಗೋಣ, ಅವನನ್ನು ತಾಂಬಾಕ್ಕೆ ಕರೆದೊಯ್ಯೋಣ, ಸೋಮವಾರದ ದಿವಸ ನಿಲ್ಲಿಸೋಣ ಎಂದೆ.

ಯುವರಾಜ ಏಳಲಿಲ್ಲ.

"ಅಂವಾ ಅಲ್ಲಿ ಇಲ್ರಿ. ಹೋಗಿ ಇಪ್ಪತ್ತಾರ ದಿನ ಆತು."

ಯಾಕೆ ಹೋದ ಎಂದು ಕೇಳಿದಾಗ ಅವನು ಮೊದಲ ಸಲ ನನ್ನ ಕಣ್ಣಿಗೆ ಕಣ್ಣಿಟ್ಟು ನೋಡಿದ. ಅಲ್ಲಿಯವರೆಗೆ ತಪ್ಪಿತಸ್ಥನ ಹಾಗೆ ಕೂತಿದ್ದವನ ದನಿಗೆ ಈಗ ಒಂದು ಬಗೆಯ ಗಟ್ಟಿತನ ಬಂತು.

"ನಿಮ್ಮ ಲೇಖನ ಬಂದಿತ್ತಲ್ಲ, ನಾನ ಓದಿ ಹೇಳಿದೆ. ಹೊಗಳೀರಿ ಅಂತ ಖುಷೀಲೆ ಓದಿದೆ. ಅಳುವಿನ ಮಾತು ಬಂದಾಗ ನಿಲ್ಲಸಿದೆ. ಮುಂದ ಓದಂದ. ಓದಿದೆ. ನಾನು ಅಳೋದನ್ನ ನೀ ಕದ್ದೆ, ಅಕಿ ಅದನ್ನ ಸುಳ್ಳಂದ್ಲು, ಇನ್ನ ನನ್ನ ಕಡಿ ಏನ ಐತಲೇ ಅಂದ. ಸಿಟ್ಟಿಗೇಳಲಿಲ್ಲ. ಮುಂಜಾನೆ ಹೋಗಿ ನೋಡಿದ್ರ ಹಾಸಿಗಿ ಸುತ್ತಿ ಇಟ್ಟಿತ್ತು."

ಮೂರು ವಾರದಿಂದ ನಾನು ಹುಡುಕುತ್ತಿದ್ದ ಅಪರಾಧಿಗಳ ಪಟ್ಟಿಯಲ್ಲಿ ನನ್ನ ಹೆಸರು ಇರಲಿಲ್ಲ. ಸುಲಭವಾಗಿ ಬರೆದ ಮೂರು ಸಾಲು ಅವು. ಬರೆಯುವಾಗ ಚಹಾ ಆರಿಹೋಗುತ್ತದೆ ಎಂದು ಅವಸರ ಮಾಡಿದ್ದೂ ನೆನಪಿದೆ. ಅಂಥ ಮೂರು ಸಾಲಿಗೆ ಒಬ್ಬ ಮನುಷ್ಯ ಹಾಸಿಗೆ ಸುತ್ತಿಟ್ಟು ಎದ್ದು ಹೋದ ಎಂದರೆ ಯಾವ ಬಾಯಿಂದ ಕ್ಷಮೆ ಕೇಳಬೇಕು, ಯಾರನ್ನು ಕೇಳಬೇಕು.

ಫೋನು ಇಲ್ಲವೇ ಎಂದೆ. ಇದೆಯಂತೆ. ಯುವರಾಜನ ಹೆಸರಿನದೇ ಸಿಮ್ಮು, ಹಳೆಯ ಫೋನು. ಕರೆ ಮಾಡಿದರೆ ಎತ್ತುವುದಿಲ್ಲ, ಬಹಳ ಹೊತ್ತು ಬಂದ್ ಆಗಿಯೇ ಇರುತ್ತದೆ. ದಿನಕ್ಕೆ ಒಂದೆರಡು ಸಲ ಮಾತ್ರ ಚಾಲೂ ಮಾಡುತ್ತಾನೆ. ತಾಂಬಾದ ಯಾರೋ ಊರಿನ ವಾಟ್ಸಾಪ್ ಗುಂಪಿಗೆ ಅವನ ಸ್ವಂತ ನಂಬರಿನ ಜೊತೆ ಆ ನಂಬರನ್ನೂ ಯುವರಾಜನ ಹೆಸರಿನಲ್ಲಿಯೇ ಸೇರಿಸಿಕೊಂಡಿದ್ದರು. ಜಾತ್ರೆ, ಮದುವೆ, ಗ್ರಾಮಸಭೆ ಅಂತ ಊರಿನ ಫೋಟೋ ಬಂದರೆ ದೊಡ್ಡದು ಮಾಡಿ ಮಾಡಿ, ಹಿಂದಿನ ಸಾಲಿನಲ್ಲಿ ಎಲ್ಲಾದರೂ ತಾಯಿ ನಿಂತಿದ್ದಾಳೆಯೇ ಎಂದು ಹುಡುಕುತ್ತಾನಂತೆ.

"ಹೋಗೂ ಮುಂದ ನಾ ಕೇಳಿದ್ದೆ ಒಮ್ಮೆ," ಎಂದ ಯುವರಾಜ. "ಏನರ ಹೆಚ್ಚು ಕಡಿಮಿ ಮಾಡ್ಕೊಂಡೀಯಂತ. ಅದಕ್ಕಂದ, ಅವ್ವ ಇರೂತನಕ ನಾ ಸಾಯಾಂಗಿಲ್ಲ. ಅಕಿ ಹೋ‌ದ ದಿನ ನನಗ ಕಟ್ಟಿ ಹಾಕೂದು ಏನೂ ಉಳಿಯಾಂಗಿಲ್ಲ, ಅವತ್ತ ಭೀಮಿಗೆ ಖರೇನ ಹೊಕ್ಕೇನಿ."

ಅಷ್ಟು ಸಾಕಾಗಿತ್ತು ನನಗೆ. ಬದುಕಿದ್ದಾನೆ. ತಾಯಿ ಇರುವವರೆಗೆ ಬದುಕಿರುತ್ತಾನೆ. ಸಾತವ್ವ ಇನ್ನೂ ಗಟ್ಟಿಮುಟ್ಟಾಗಿದ್ದಾಳೆ, ಹುಡುಕಲು ನಮಗೆ ಸಮಯವಿದೆ. ಪೊಲೀಸರ ಹತ್ತಿರ ಹೇಗೆ ಹೇಳುವುದು, ಆ ಸಿಮ್ಮು ಯಾವ ಟವರಿನಲ್ಲಿದೆ ಎಂದು ಹೇಗೆ ತೆಗೆಸುವುದು ಎಂದು ಯುವರಾಜನಿಗೆ ಹೇಳುತ್ತಲೇ ಚೀಲ ಹೆಗಲಿಗೆ ಹಾಕಿಕೊಂಡೆ.

ಯುವರಾಜ ತನ್ನ ಫೋನನ್ನು ಕೈಗೆ ತೆಗೆದುಕೊಂಡವನು ಹಾಗೆಯೇ ನಿಂತುಬಿಟ್ಟ.

"ಮೇಡಂ, ಇದೇನ್ರಿ ಇದು?"

ತಾಂಬಾದ ಅದೇ ಗುಂಪು. ಒಂದು ಫೋಟೋ ಬಂದಿತ್ತು. ಸುತ್ತ ಹೂವಿನ ಅಂಚು, ಎರಡೂ ಬದಿಗೆ ದೀಪ, ಮೇಲೆ ದಪ್ಪ ಅಕ್ಷರದಲ್ಲಿ 'ಭಾವಪೂರ್ಣ ಶ್ರದ್ಧಾಂಜಲಿ'. ನಡುವೆ ತಲೆಯ ಮೇಲೆ ಸೆರಗು ಹೊದ್ದು ನೇರ ನೋಡುತ್ತಿದ್ದ ಸಾತವ್ವ. ಇಂದು ಮಧ್ಯಾಹ್ನ ನಿಧನ, ನಾಳೆ ಮುಂಜಾನೆ ತಾಂಬಾದಲ್ಲಿ ಮಣ್ಣು ಎಂದು ಬರೆದಿತ್ತು. ಕೆಳಗೆ ಆಗಲೇ ನಲವತ್ತು ಮಂದಿ ಕೈ ಮುಗಿದಿದ್ದರು.

ಬೆಳಿಗ್ಗೆ ನನ್ನೆದುರು ಲೋಟ ತುಂಬ ನೀರು ಕುಡಿದವಳು. ಫೋಟೋ ಕಳಿಸಿದ್ದು ಅಮೀರ. ಅವನಿಗೆ ಫೋನು ಹಚ್ಚಿದೆ.

ಅವನು ಮಾತಾಡುವ ಮೊದಲೇ ಹೆದರಿದ್ದ. ತನ್ನದೇನೂ ತಪ್ಪಿಲ್ಲ, ಸಾತವ್ವ ಆಯಿ ಮೂರು ತಾಸು ಅಂಗಡಿ ಬಿಟ್ಟು ಏಳಲಿಲ್ಲ, ಮಗ ಬದುಕಿದ್ದಾನೆಂದು ಅಕ್ಕಾರೇ ಹೇಳಿದ್ದಾರೆ, ನೀನು ನನ್ನ ಸಾವಿನ ಫೋಟೋ ಹಾಕು ಎಂದು ಹಟ ಹಿಡಿದಳು ಎಂದ. ಅಂದರೆ ಅವಳು ಅಲ್ಲಿಯೇ, ಅವನ ಪಕ್ಕದಲ್ಲಿಯೇ, ಜೀವಂತ ಕೂತಿದ್ದಳು. ಒಂದು ಕ್ಷಣ ನಾನು ಉಸಿರು ಬಿಟ್ಟೆ. ಮರುಕ್ಷಣ ಸೋಮನಿಂಗ ಭೀಮೆಯ ಬಗ್ಗೆ ಹೇಳಿದ ಮಾತು ನೆನಪಾಗಿ ಯುವರಾಜನ ಮುಖ ನೋಡಿದೆ.

ಅಳಿಸಿ ಎಂದೆ. ಈಗಲೇ ಅಳಿಸಿ, ಎಲ್ಲರಿಗೂ ಅಳಿಸಿ. ಆಮೇಲೆ, ತಡೀರಿ, ಅಳಿಸುವ ಮೊದಲು ಯಾರು ಯಾರು ನೋಡಿದ್ದಾರೆ ಎಂದು ನೋಡಿ ಹೇಳಿ ಎಂದೆ. ಯುವರಾಜ ಪಕ್ಕದಿಂದ ಆ ಸಿಮ್ಮಿನ ನಂಬರನ್ನು ಒಂದೊಂದೇ ಅಂಕಿಯಾಗಿ ಹೇಳಿದ. ಆ ಕಡೆ ಅಮೀರ ಬೆರಳಿನಿಂದ ಹೆಸರುಗಳನ್ನು ಸರಿಸುತ್ತಿದ್ದದ್ದು ನನಗೆ ಕಂಡಷ್ಟೇ ಸ್ಪಷ್ಟವಾಗಿತ್ತು.

"ಐತ್ರಿ ಮೇಡಂ," ಎಂದ. "ಈ ನಂಬರ್‌ದವ್ರು ನೋಡ್ಯಾರ. ಹನ್ನೊಂದ ನಿಮಿಷ ಆತು."

ಯುವರಾಜ ಆಗಲೇ ಆ ನಂಬರಿಗೆ ಕರೆ ಮಾಡುತ್ತಿದ್ದ. ಫೋನು ಬಂದ್ ಆಗಿದೆ ಎಂದು ಹೆಣ್ಣುದನಿ ಹೇಳಿತು. ಮತ್ತೆ ಮಾಡಿದ. ಮತ್ತೆ ಅದನ್ನೇ ಹೇಳಿತು.

ಅಮೀರನ ಕೈಯಿಂದ ಯಾರೋ ಫೋನು ಇಸಿದುಕೊಂಡರು.

"ನೋಡ್ಯಾನಂತ್ರೀ ಅಕ್ಕಾರ?" ಸಾತವ್ವನ ದನಿ. ಇಷ್ಟು ದಿನದಲ್ಲಿ ಆ ದನಿಯಲ್ಲಿ ನಗು ಕೇಳಿದ್ದು ಅದೇ ಮೊದಲು. "ನಾ ಬದುಕಿದ್ದಾಗ ಬರಲಿಲ್ಲ. ಇರಲಿ. ಅವ್ವಗ ಮಣ್ಣ ಕೊಡಾಕರ ಬರಬೇಕಲ್ಲ, ಎಂಥಾ ಮಗನೂ ಬರ್ತಾನ್ರಿ. ನಾ ಈ ಬಸ್ಸಿಗೆ ಊರಿಗೆ ಹೊಂಡ್ತೇನಿ. ಬಂದಾಂವಗ ಬಿಸಿ ರೊಟ್ಟಿ ಬಡದ ಹಾಕಬೇಕು."

"ಸಾತವ್ವ, ಅಂವಾ ಭೀಮಿಗೆ..." ಎಂದು ಶುರು ಮಾಡಿದೆ. ಆ ಕಡೆ ಕಂಡಕ್ಟರ್ ತಾಂಬಾ, ತಾಂಬಾ ಎಂದು ಕೂಗುತ್ತಿದ್ದ. ಸಾತವ್ವ ಫೋನನ್ನು ಅಮೀರನ ಕೈಗೆ ಕೊಟ್ಟು ಬಸ್ಸು ಹತ್ತಿದಳು.